ಹಂದಿಯೂ ಏಳನೆಯ ಎಲೆಯೂ

ಚೌಕಾಸಿಯಲ್ಲಿ ಸೋತ ದಿನ ನನಗೆ ಊಟ ಸೇರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಸಕ್ಕರೆ ಕಾಯಿಲೆ ಇರುವವರು ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನಿಗೆ ಹೇಳಿಕೊಳ್ಳುವ ಹಾಗೆ ಮೊದಲೇ ಹೇಳಿಬಿಡುತ್ತಿದ್ದೇನೆ. ಚೌಕಾಸಿ ಎಂದರೆ ದುಡ್ಡಿನ ವ್ಯವಹಾರ ಎಂದು ತಿಳಿದವರು ಅದರ ಹೊಸ್ತಿಲು ದಾಟಿದವರಲ್ಲ. ನಾನು ಡಾಕ್ಟರ ಹತ್ತಿರ ಮಾತ್ರೆಯ ಸಂಖ್ಯೆಯ ಬಗ್ಗೆ ಚೌಕಾಸಿ ಮಾಡಿದ್ದೇನೆ, ಕ್ಷೌರದ ಅಂಗಡಿಯಲ್ಲಿ ಕೂದಲ ಉದ್ದದ ಬಗ್ಗೆ ಮಾಡಿದ್ದೇನೆ, ಮಗಳ ಶಾಲೆಯಲ್ಲಿ ಅವಳ ಮೇಲಿನ ದೂರುಗಳನ್ನು ಐದರಿಂದ ಮೂರಕ್ಕೆ ಇಳಿಸಿಕೊಂಡು ಬಂದಿದ್ದೇನೆ. ಎದುರಿನವರು ಏನಾದರೊಂದನ್ನು ಬಿಟ್ಟುಕೊಡಬೇಕು, ಅಷ್ಟೇ. ಏನೆಂಬುದು ಮುಖ್ಯವಲ್ಲ. ನಿಮಗೂ ಒಂದು ಸಲಹೆ: ದೊಡ್ಡದರಲ್ಲಿ ಸೋತರೆ ಅಲ್ಲಿಂದ ಏಳಬೇಡಿ, ಇನ್ನೊಂದು ಗಳಿಗೆ ಕೂತು ಚಿಕ್ಕದೊಂದನ್ನು ಗೆದ್ದು ಎದ್ದುಬನ್ನಿ. ಈ ಸಲಹೆಯನ್ನು ಪಾಲಿಸಿ ನಾನು ಜರ್ಮನಿಯ ಒಂದು ಹಳ್ಳಿಯನ್ನು ಭೂಪಟದಿಂದಲೇ ಅಳಿಸಿಹಾಕಿದ ಕತೆಯನ್ನು ಈಗ ಹೇಳುತ್ತೇನೆ.

ಕರಾಮ ಎಂಬ ಬಡಾವಣೆಯ ಹಳೇ ಕಟ್ಟಡವೊಂದರ ಕೆಳಗೆ ನನ್ನ ಅಂಗಡಿ. ಶೆಟ್ಟಿ ಎಂಬ ಹೆಸರು ಕೇಳಿದೊಡನೆ ದುಬೈಯಲ್ಲಿ ಜನ ಮಸಾಲೆದೋಸೆ ಎಲ್ಲಿ ಎಂದು ಕೇಳುತ್ತಾರೆ. ನಮ್ಮಲ್ಲಿ ದೋಸೆ ಇಲ್ಲ, ಬಾವುಟ ಇದೆ. ಬಾವುಟ, ಬ್ಯಾನರು, ಸಮವಸ್ತ್ರದ ಜೇಬಿನ ಮೇಲಿನ ಕಸೂತಿ. ಕುಂದಾಪುರದ ಕಡೆಯಿಂದ ಟೈಲರಾಗಿ ಬಂದು, ಇನ್ನೊಬ್ಬರ ಮೆಷಿನ್ನಿನ ಮುಂದೆ ಒಂಬತ್ತು ವರ್ಷ ಬೆನ್ನು ಬಾಗಿಸಿ, ಕೊನೆಗೆ ಸ್ವಂತ ಬಾಗಿಲು ತೆರೆದವನು ನಾನು. ಅಂಗಡಿಯ ನಿಜವಾದ ತಲೆ ಮಾತ್ರ ಲಾರೆನ್ಸ್ ಪೊರ್ಬುಗಳದ್ದು. ಶಿರ್ವದ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಚಿತ್ರವೊಂದನ್ನು ಕಸೂತಿ ಯಂತ್ರಕ್ಕೆ ಅರ್ಥವಾಗುವಂತೆ ಹೊಲಿಗೆ ಹೊಲಿಗೆಯಾಗಿ ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಅವರದ್ದು. ನಮ್ಮ ಕಸುಬಿನಲ್ಲಿ ಅದಕ್ಕೆ ಪಂಚಿಂಗ್ ಎನ್ನುತ್ತಾರೆ. ಅವರು ಪಂಚಿಂಗ್ ಮಾಡಿದ ಗಿಡುಗ ಹಾರಿಹೋದೀತು ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಅವರೆದುರು ಹೇಳುವುದಿಲ್ಲ, ಸಂಬಳದ ಮಾತೆತ್ತಿಯಾರು.

ಎಕ್ಸ್‌ಪೋ ಎಂಬ ವಿಶ್ವಮೇಳ ದುಬೈಗೇ ಸಿಕ್ಕಿತು ಎಂದು ಊರೆಲ್ಲ ಸಂಭ್ರಮಿಸಿದ ಮರುವರ್ಷ, ಡಿಸೆಂಬರಿನ ರಾಷ್ಟ್ರೀಯ ದಿನ ಮುಗಿದಿತ್ತು. ಆ ದಿನಗಳಲ್ಲಿ ನಮ್ಮ ಅಂಗಡಿಯಲ್ಲಿ ಕೆಂಪು, ಹಸಿರು, ಬಿಳಿ, ಕಪ್ಪು ಬಿಟ್ಟರೆ ಬೇರೆ ಬಣ್ಣ ಕಾಣಿಸುವುದಿಲ್ಲ. ಈ ದೇಶದ ಬಾವುಟದಷ್ಟು ಟೈಲರನ ಮೇಲೆ ದಯೆಯಿರುವ ಬಾವುಟ ಇನ್ನೊಂದಿಲ್ಲ: ನಾಲ್ಕು ಬಣ್ಣ, ನೇರ ಅಂಚು, ಕಣ್ಣು ಮುಚ್ಚಿ ಹೊಲಿಯಬಹುದು. ಉಳಿದ ಬಟ್ಟೆಯ ಸುರುಳಿಗಳನ್ನು ಕಾರಿನ ಡಿಕ್ಕಿಗೆ ತುಂಬಿ, ಇನ್ನು ಒಂದು ವಾರ ಕಾಲು ಚಾಚುವ ಎಂದು ಕೂತಿದ್ದಾಗ ಮಾರ್ಟಿನ್ ಬಂದ.

ನಲವತ್ತೈದು ದಾಟಿದ, ಉದ್ದನೆಯ, ನಾಚಿಕೆಯ ಮನುಷ್ಯ. ಕಟ್ಟಡಗಳ ಲಿಫ್ಟಿನ ಇಂಜಿನಿಯರು, ಮಿರ್ದಿಫ್‌ನಲ್ಲಿ ಮನೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಇದು ನನ್ನ ಊರಿನ ಬಾವುಟ, ಶುಕ್ರವಾರದೊಳಗೆ ಬೇಕು ಎಂದ. ಊರೆಂದರೆ ಜರ್ಮನಿಯ ಯಾವುದೋ ಗುಡ್ಡದ ಸೆರಗಿನ ಸಣ್ಣ ಪಂಚಾಯ್ತಿ. ಅದರ ಹೆಸರನ್ನು ಕನ್ನಡದಲ್ಲಿ ಬರೆದರೆ ಊರಿಗೂ ಅವಮಾನ, ಅಕ್ಷರಗಳಿಗೂ ಹಿಂಸೆ, ಹಾಗಾಗಿ ಬಿಡುತ್ತೇನೆ. ಅವನ ಅಪ್ಪ ಅಲ್ಲಿ ಬಹಳ ವರ್ಷ ಅಧ್ಯಕ್ಷರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಮಗನ ಮನೆಗೆ ಬರುತ್ತಿದ್ದರು. ಶುಕ್ರವಾರ ಅವರಿಗೆ ಎಂಬತ್ತು ತುಂಬುತ್ತಿತ್ತು. ಹೊಸ ವರ್ಷದಿಂದ ಆ ಪಂಚಾಯ್ತಿಯನ್ನು ಪಕ್ಕದ ದೊಡ್ಡ ಊರಿನೊಂದಿಗೆ ಸೇರಿಸಲು ಸರಕಾರ ತೀರ್ಮಾನಿಸಿತ್ತು. ಸೇರಿದ ಮೇಲೆ ಈ ಬಾವುಟಕ್ಕೆ ಕೆಲಸವಿಲ್ಲ. "ಕಚೇರಿಯಲ್ಲಿದ್ದ ಹಳೆಯದು ಹರಿದುಹೋಗಿದೆ. ಇನ್ನು ಹೊಸದು ಯಾರೂ ಮಾಡಿಸುವುದಿಲ್ಲ. ಅಪ್ಪನಿಗೆ ಒಂದು ಇರಲಿ" ಎಂದ. ಅವನು ಅದನ್ನು ಹೇಳಿದ ರೀತಿಗೆ ನನ್ನ ಎದೆ ಕರಗಿತು. ಕರಗಿದ ಎದೆಯಿಂದಲೇ ಕೇಳಿದೆ, "ಎಷ್ಟು ಬಣ್ಣ?"

ಆಮೇಲೆ ಚಿತ್ರ ಸರಿಯಾಗಿ ನೋಡಿದೆ. ಜರ್ಮನಿಯ ಸಣ್ಣ ಸಣ್ಣ ಊರುಗಳಿಗೂ ಒಂದೊಂದು ಗುರಾಣಿ ಇರುತ್ತದಂತೆ. ಗುರಾಣಿಯ ಮೇಲೆ ಊರಿನ ಗುರುತು: ಒಂದೂರಿಗೆ ಗಿರಣಿಯ ಚಕ್ರ, ಒಂದೂರಿಗೆ ಬೀಗದಕೈ, ಹೊಳೆ ಇದ್ದವರಿಗೆ ಅಂಕುಡೊಂಕು ಗೆರೆ. ಅದನ್ನು ಉದ್ದನೆಯ ಬಟ್ಟೆಯ ನಡುವೆ ಕೂರಿಸಿ, ನಾವು ಗೋಡೆಗೆ ಪಂಚಾಂಗ ತೂಗುಹಾಕುವ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಬಿಡುತ್ತಾರೆ. ನನಗೆ ಬಹಳ ಹಿಡಿಸಿತು. ನಮ್ಮೂರ ಪಂಚಾಯ್ತಿಗೂ ಒಂದು ಗುರಾಣಿ ಇದ್ದರೆ ಏನು ಬರೆಸಬಹುದಿತ್ತು ಎಂದು ಯೋಚಿಸಿದೆ. ಬಂಗುಡೆ ಬರೆಸಿದರೆ ಗದ್ದೆಯ ಬದಿಯವರು ಒಪ್ಪುವುದಿಲ್ಲ, ತೆಂಗಿನಮರ ಬರೆಸಿದರೆ ದೋಣಿಯವರು ಸಭೆಯಿಂದ ಎದ್ದುಹೋಗುತ್ತಾರೆ. ಎಲ್ಲರೂ ಒಟ್ಟಾಗಿ ಕಾದದ್ದು ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ಆದರೆ ಯಾವ ಕಂಪೆನಿಯ ಬಸ್ಸು ಎಂಬಲ್ಲಿ ಮತ್ತೆ ಜಗಳ. ಮಾರ್ಟಿನ್ನನ ಊರಿನವರು ಒಗ್ಗಟ್ಟಿನಿಂದ ಆರಿಸಿದ್ದು ಕಾಡುಹಂದಿ. ಹಳದಿ ನೆಲದ ಮೇಲೆ ಕಪ್ಪು ಹಂದಿ, ಅದರ ಬೆನ್ನಿಗಿಂತ ಮೇಲೆ ಓಕ್ ಮರದ ಒಂದು ಅಡ್ಡ ರೆಂಬೆ, ರೆಂಬೆಗೆ ಏಳು ಹಸಿರು ಎಲೆ.

ಹಂದಿಯನ್ನು ಕಂಡು ನನ್ನೊಳಗಿನ ವ್ಯವಹಾರಸ್ಥ ಎಚ್ಚೆತ್ತ. ಗಾಜಿನ ಬಾಗಿಲಿನ ಅಂಗಡಿ, ಅತ್ತಿತ್ತ ಹೋಗುವ ನೂರು ಜಾತಿಯ ಜನ, ಒಳಗೆ ಯಂತ್ರದ ಮೇಲೆ ಎರಡಡಿಯ ಹಂದಿ. "ಮಿಸ್ಟರ್ ಮಾರ್ಟಿನ್, ಇದರ ಬದಲು ಕುದುರೆ ಹಾಕುವ. ಇಲ್ಲಿ ಕುದುರೆಗೆ ಬಹಳ ಗೌರವ" ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಕರಡಿ ಎಂದೆ, ಆಗಲಿಲ್ಲ. ಹಾಗಾದರೆ ಕೋರೆಹಲ್ಲು ತೆಗೆದುಬಿಡುವ, ದೂರದಿಂದ ದನದ ಹಾಗೆ ಕಾಣುತ್ತದೆ ಎಂದೆ. "ಅಪ್ಪ ಅದನ್ನು ದನವೆಂದು ಎಣಿಸಿದರೆ ನಾನು ವಾಪಸು ಊರಿಗೆ ಹೋಗಲಿಕ್ಕಿಲ್ಲ" ಎಂದ. ಹಂದಿ ಎಡಕ್ಕೆ ಮುಖಮಾಡಿದೆ, ಬಲಕ್ಕೆ ತಿರುಗಿಸಿದರೆ ಶುಭ ಎಂದೆ. ಅದಕ್ಕೂ ನಿಯಮವಿದೆಯಂತೆ. ಬಣ್ಣದ ಮೇಲೆ ಬಣ್ಣ ಇಡಬಾರದಂತೆ, ಚಿನ್ನ ಇಲ್ಲವೇ ಬೆಳ್ಳಿಯ ಮೇಲೆ ಇಡಬೇಕಂತೆ, ಹಳದಿಯನ್ನು ಅವರು ಹಳದಿ ಎನ್ನುವುದೇ ಇಲ್ಲ, ಚಿನ್ನ ಎನ್ನುತ್ತಾರೆ. ಆರ್ಡರಿನ ಚೀಟಿಯಲ್ಲಿ ಚಿನ್ನ ಎಂದು ಬರೆಯಲು ನಾನು ತಯಾರಿರಲಿಲ್ಲ, ಆಮೇಲೆ ತೂಕ ಮಾಡಲು ಬಂದರೆ ಕಷ್ಟ. ಪರದೇಶದ ಬಾವುಟವನ್ನು ಮನೆಯ ಹೊರಗೆ ಹಾರಿಸುವ ಮುಂಚೆ ಇಲ್ಲಿನ ಸರಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ, ಒಳಗೆ ತೂಗುಹಾಕುವುದೇ ಕ್ಷೇಮ ಎಂಬ ಒಂದು ಸಲಹೆಯನ್ನು ಮಾತ್ರ ಅವನು ಮರುಮಾತಿಲ್ಲದೆ ತೆಗೆದುಕೊಂಡ. ಆದರೆ ಸಲಹೆ ಕೊಟ್ಟದ್ದು ಗೆದ್ದ ಲೆಕ್ಕಕ್ಕೆ ಬರುವುದಿಲ್ಲ.

ಆ ಹೊತ್ತಿಗೆ ನಾನು ಹಂದಿ, ಕೋರೆ, ದಿಕ್ಕು ಮೂರರಲ್ಲೂ ಸೋತಿದ್ದೆ. ಏನಾದರೊಂದು ಗೆಲ್ಲಲೇಬೇಕಿತ್ತು. ಎಲೆಗಳನ್ನು ಎಣಿಸಿದೆ. ರೆಂಬೆಯ ಮೇಲ್ಬದಿಗೆ ನಾಲ್ಕು, ಕೆಳಬದಿಗೆ ಮೂರು. ತಕ್ಕಡಿ ವಾಲಿದ ಹಾಗೆ ಕಾಣುತ್ತಿತ್ತು. "ಈ ಏಳು ಯಾಕೆ?" ಎಂದು ಕೇಳಿದೆ.

"ಗೊತ್ತಿಲ್ಲ. ಯಾವಾಗಲೂ ಏಳೇ ಇತ್ತು."

"ಯಾವಾಗಲೂ ಇತ್ತು ಎಂಬುದು ಕಾರಣವಲ್ಲ. ಮೂರು ಮೂರು ಮಾಡುವ. ಸಮ ಇರುತ್ತದೆ, ಹಂದಿಗೂ ಸ್ವಲ್ಪ ಗಾಳಿಯಾಡುತ್ತದೆ."

ಮಾರ್ಟಿನ್ ಗಡಿಯಾರ ನೋಡಿಕೊಂಡ. ಅಪ್ಪನ ವಿಮಾನ ಇಳಿಯುವ ಹೊತ್ತು. "ಎಲೆಗಳ ವಿಷಯ ನಿಮಗೆ ಸರಿ ಕಂಡಂತೆ ಮಾಡಿ, ಮಿಸ್ಟರ್ ಶೆಟ್ಟಿ" ಎಂದು ಎದ್ದ. ಆ ದಿನ ನಾನು ಎರಡು ತಟ್ಟೆ ಊಟ ಮಾಡಿದೆ.

ಲಾರೆನ್ಸ್ ಪೊರ್ಬುಗಳಿಗೆ ಹಂದಿಯನ್ನು ಕಂಡು ಪರಮಾನಂದವಾಯಿತು. "ಶೆಟ್ರೆ, ಇದನ್ನು ನೋಡಿದ್ರೆ ನಂಗೆ ಊರಿನ ಹಬ್ಬದ ಊಟ ನೆನಪಾಗ್ತದೆ. ಸಣ್ಣ ಸಣ್ಣ ತುಂಡು ಮಾಡಿ, ಬಫಾತ್ ಹುಡಿ ಹಾಕಿ..." ಎಂದು ಶುರುಮಾಡಿದವರು ಹಂದಿಯ ಕೂದಲೊಂದೊಂದನ್ನೂ ಪ್ರೀತಿಯಿಂದ ಬಿಡಿಸಿದರು. ಎಲೆ ಕಡಿಮೆ ಮಾಡುವ ಮಾತು ಬಂದಾಗ ಮಾತ್ರ ಮೌಸ್ ಬಿಟ್ಟು ಕೈಕಟ್ಟಿ ಕೂತರು.

"ಬೇಜಾರು ಮಾಡ್ಬೇಡಿ, ಒಂದು ಹೇಳ್ತೇನೆ. ಎಲೆ ಸುಮ್ಮನೆ ಇರುದಿಲ್ಲ ಮಾರಾಯ್ರೆ. ನಮ್ಮ ಇಗರ್ಜಿಗೆ ಹನ್ನೊಂದು ವಾಡೆ ಉಂಟು, ವಾರ್ಡು ಅಂತಾರಲ್ಲ ಹಾಗೆ, ಹಬ್ಬದ ದಿನ ವಾಡೆಗೊಂದು ಬಾವುಟ. ಒಂದು ವರ್ಷ ಡೆಕೊರೇಶನಿನವ ಹತ್ತೇ ತಂದ. ಬಾವುಟ ಸಿಗದ ಆ ಒಂದು ವಾಡೆಯವ್ರು ಊಟಕ್ಕೆ ಬರ್ಲಿಲ್ಲ, ಮದುವೆಗೆ ಕರೆದ್ರೆ ಬರ್ಲಿಲ್ಲ, ಸತ್ತವ್ರನ್ನು ನೋಡ್ಲಿಕ್ಕೂ ಬರ್ಲಿಲ್ಲ. ಒಂದು ಫೋನು ಮಾಡಿ ಕೇಳಿ."

"ಗಿರಾಕಿಯೇ ಒಪ್ಪಿದ್ದಾನೆ ಪೊರ್ಬುಗಳೇ. ಒಪ್ಪಿದವನನ್ನು ಮತ್ತೆ ಕೇಳಬಾರದು. ವ್ಯಾಪಾರದ ಮೊದಲ ಪಾಠ."

"ಪಾಠ ನಿಮ್ಮದು, ಎಲೆ ಅವ್ರದ್ದು" ಎಂದು ಅವರು ಆರು ಎಲೆ ಸಮನಾಗಿ ಹಂಚಿದರು. ಮತ್ತೆ ಆ ದಿನವೆಲ್ಲ ನನಗೆ ಬೆನ್ನು ಹಾಕಿಯೇ ಕೂತರು. ನಾನು ಅದನ್ನು ಕೆಲಸದ ಮೇಲಿನ ಏಕಾಗ್ರತೆ ಎಂದುಕೊಂಡೆ. ಯಾರಾದರೂ ಅಂಗಡಿಗೆ ಬಂದಾಗ ಹಂದಿಯ ಮೇಲೆ ಪೇಪರು ಮುಚ್ಚುವ ಕೆಲಸದಲ್ಲಿ ನನಗೂ ಪುರುಸೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾವುಟವನ್ನು ನಾನೇ ಒಯ್ದೆ. ಒಳ್ಳೆಯ ಕೆಲಸವಾದರೆ ಕೊಡಲು ಸ್ವತಃ ಹೋಗಬೇಕು. ಹೊಗಳಿಕೆಯನ್ನು ಬೇರೆಯವರ ಕೈಯಲ್ಲಿ ತರಿಸಿಕೊಂಡರೆ ದಾರಿಯಲ್ಲಿ ಅರ್ಧ ಕರಗಿರುತ್ತದೆ. ಕೇಕಿಗೆ ಬನ್ನಿ ಎಂದು ಮಾರ್ಟಿನ್ ಕರೆದಿದ್ದರಿಂದ ಹೆಂಡತಿ ಸುಜಾತಳನ್ನೂ ಕರೆದುಕೊಂಡು ಹೋದೆ. ಹಾಲಿನಲ್ಲಿ ಅಪ್ಪ ಕೂತಿದ್ದರು. ಮಗನಷ್ಟೇ ಉದ್ದ, ಆದರೆ ನಾಚಿಕೆ ಇಲ್ಲ. ನಮ್ಮ ಕೈಯನ್ನು ಬಾವಿಯ ಹಗ್ಗ ಹಿಡಿದ ಹಾಗೆ ಹಿಡಿದು ಕುಲುಕಿದರು. ಇಂಗ್ಲಿಷ್ ಬಾರದು, ಮಗನೇ ದುಭಾಷಿ. ಮಾರ್ಟಿನ್ ಬಾವುಟವನ್ನು ಗೋಡೆಯ ಮೇಲಿನಿಂದ ಇಳಿಬಿಟ್ಟ. ಮುದುಕರು ಎದ್ದುನಿಂತರು. ಹಂದಿಯ ಬೆನ್ನಿನ ಕೂದಲನ್ನು ಮುಟ್ಟಿದರು, ಕೋರೆ ಮುಟ್ಟಿದರು, ಕಣ್ಣೊರೆಸಿಕೊಂಡರು. ನಾನು ಸುಜಾತಳ ಕಡೆ ನೋಡಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಅವರ ಬೆರಳು ರೆಂಬೆಯ ಮೇಲೆ ಹೋಯಿತು. ಬಾಯಲ್ಲೇ ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಕೂತರು. ಮಗನಿಗೆ ಎರಡು ಮಾತು ಹೇಳಿದರು. ಮಾರ್ಟಿನ್ನನ ಮುಖ ಅಂಗಡಿಯ ಬಿಳಿ ಬಟ್ಟೆಯ ಹಾಗಾಯಿತು.

"ಏನಂತೆ?" ಎಂದೆ.

"ಅಮ್ಮನ ಊರು ಎಲ್ಲಿ ಎಂದು ಕೇಳುತ್ತಿದ್ದಾರೆ."

ಆಮೇಲೆ ತುಂಡು ತುಂಡಾಗಿ ತಿಳಿದದ್ದು ಇಷ್ಟು. ಆ ಪಂಚಾಯ್ತಿಯೆಂದರೆ ಏಳು ಕೇರಿ. ಏಳು ಎಲೆ ಎಂದರೆ ಅದೇ. ಗುರಾಣಿ ಮಾಡಿಸಿದ ಕಾಲದಲ್ಲಿ ಏಳನೆಯದಾದ ಒಂಬತ್ತು ಮನೆಯ ಗುಡ್ಡದ ಕೇರಿಯವರು, ನಾವು ನಿಮ್ಮೊಟ್ಟಿಗೆ ಸೇರುವುದಿಲ್ಲ ಎಂದು ಹಟ ಹಿಡಿದಿದ್ದರು. ಚಿತ್ರ ಬರೆಯುವವನೂ ಆರು ಸಾಕು, ಸಮ ಇರುತ್ತದೆ ಎಂದಿದ್ದನಂತೆ. ಆಗಿನ್ನೂ ಯುವಕರಾಗಿದ್ದ ಇವರು ಮಾತುಕತೆಗೆ ನಾಲ್ಕು ಸಲ ಗುಡ್ಡ ಹತ್ತಿದರು. ಗುಡ್ಡದವರು ಕೊನೆಗೆ ಹಾಕಿದ ಷರತ್ತು ಒಂದೇ, ನಮಗೂ ಒಂದು ಎಲೆ. ಎಲೆ ಕೊಟ್ಟು ಇವರು ಒಂಬತ್ತು ಮನೆಯವರ ಒಪ್ಪಿಗೆ ತಂದರು, ಒಂಬತ್ತನೆಯ ಮನೆಯ ಹುಡುಗಿಯ ಒಪ್ಪಿಗೆಯನ್ನೂ ತಂದರು. ಇದನ್ನೆಲ್ಲ ಮಾರ್ಟಿನ್ ಹುಟ್ಟಿದಂದಿನಿಂದ ಕೇಳಿರಲಿಲ್ಲವೇ ಎಂದರೆ, ಕೇಳಿದ್ದನಂತೆ. ನಾವು ಮನೆಯ ಹಿರಿಯರ ಕತೆ ಕೇಳುವ ರೀತಿಯಲ್ಲಿ ಕೇಳಿದ್ದನಂತೆ.

ನಾನು ಮೊದಲು ಮಾಡಿದ್ದನ್ನು ಮುಚ್ಚಿಡುವುದಿಲ್ಲ. "ಯಂತ್ರ ಒಮ್ಮೊಮ್ಮೆ ಹೀಗೆ ಒಂದು ಎಲೆ ನುಂಗುತ್ತದೆ" ಎಂದೆ. ಸುಜಾತ ಕೇಕಿನ ತಟ್ಟೆ ಕೆಳಗಿಟ್ಟಳು. "ಯಂತ್ರ ನುಂಗ್ಲಿಲ್ಲ, ಇವರೇ ನುಂಗಿದ್ದು" ಎಂದು ಕನ್ನಡದಲ್ಲಿ ಹೇಳಿದಳು. ಅವಳ ದನಿಯಿಂದಲೇ ಇಬ್ಬರು ಜರ್ಮನ್ನರಿಗೂ ಪೂರ್ತಿ ಅರ್ಥವಾಯಿತು.

ನಾಳೆ ಹೊಸದು ಮಾಡಿಕೊಡುತ್ತೇನೆ ಎಂದರೆ ಮುದುಕರ ವಿಮಾನ ಬೆಳಗ್ಗೆಯೇ. ಸೋಮವಾರ ಪಂಚಾಯ್ತಿಯ ಕೊನೆಯ ಸಭೆ, ಅಲ್ಲಿ ಈ ಬಾವುಟವನ್ನೇ ತೂಗುಹಾಕುವ ಆಸೆ ಅವರಿಗೆ ಈಗಷ್ಟೇ ಹುಟ್ಟಿತ್ತು. ಗುಡ್ಡದ ಕೇರಿಯವರೂ ಬರುತ್ತಾರೆ. ಹೆಂಡತಿಯ ತಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾನೆ. ಶುಕ್ರವಾರ ಅಂಗಡಿಗೆ ರಜೆ, ಪೊರ್ಬುಗಳ ಫೋನು ಬಂದ್. ಉಳಿದದ್ದು ನನ್ನ ಕೈ ಮತ್ತು ಒಂದು ಸೂಜಿ. ಸೂಜಿ ಹಿಡಿಯದೆ ಹದಿನೈದು ವರ್ಷವಾಗಿತ್ತು. ಮಾಲೀಕನಾದವನು ಮರೆಯುವ ಮೊದಲ ವಿದ್ಯೆ ತನ್ನ ಕಸುಬು. ಕಾರಿನ ಡಿಕ್ಕಿಯಿಂದ ರಾಷ್ಟ್ರೀಯ ದಿನಕ್ಕೆ ತಂದು ಉಳಿದಿದ್ದ ಹಸಿರು ಬಟ್ಟೆಯ ಸುರುಳಿ ತಂದೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಸೋತು, ಸುಜಾತಳಿಂದ ಪೋಣಿಸಿಕೊಂಡೆ. "ಈ ಕಣ್ಣಲ್ಲಿ ನೀವು ಎಲೆ ಎಣಿಸ್ಲಿಕ್ಕೆ ಹೋದದ್ದು" ಎಂದಳು.

ಎಲೆಯ ಅಳತೆಗೆ ಮೊದಲು ಕಾಗದ ಕತ್ತರಿಸಿದೆ. ಪೊರ್ಬುಗಳು ಆರು ಎಲೆ ಸಮನಾಗಿ ಹಂಚಿದ್ದರಿಂದ ಜಾಗವಿದ್ದದ್ದು ರೆಂಬೆಯ ತುದಿಯಲ್ಲಿ ಮಾತ್ರ. ಕಾಗದದ ಎಲೆ ಇಟ್ಟು ತೋರಿಸಿದೆ. ಮುದುಕರು ಸಾಲದೆಂದು ತಲೆಯಾಡಿಸಿ, ಎರಡು ಬೆರಳಿನಲ್ಲಿ ಇಷ್ಟು ಎಂದು ತೋರಿಸಿದರು. ಅದು ಉಳಿದ ಎಲೆಗಳಿಗಿಂತ ದೊಡ್ಡದು. ನಾನು ಆಗುವುದಿಲ್ಲ ಎಂದು ಕೈಯಾಡಿಸಿ, ಅದರ ಅರ್ಧಕ್ಕೆ ಬಂದೆ. ಅವರು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಮತ್ತೊಂದು ಕಾಗದ ಕತ್ತರಿಸಿದರು. ಅದು ಇನ್ನೂ ದೊಡ್ಡದು. ನಾನು ಹಂದಿಯ ಕಿವಿ ತೋರಿಸಿ, ತಾಗುತ್ತದೆ ಎಂದು ಸನ್ನೆ ಮಾಡಿದೆ. ಅವರು ಹಂದಿಗೆ ಅಭ್ಯಂತರವಿಲ್ಲ ಎಂದು ಸನ್ನೆ ಮಾಡಿದರು. ನಾನು ಎದ್ದುಹೋಗುವವನ ಹಾಗೆ ಎದ್ದೆ. ಕರಾಮದಲ್ಲಿ ಇದಕ್ಕೆ ಬಗ್ಗದವರಿಲ್ಲ. ಅವರು ಬಾಗಿಲವರೆಗೆ ಬಂದು, ಬಹಳ ಮರ್ಯಾದೆಯಿಂದ ಬಾಗಿಲು ತೆಗೆದು ಹಿಡಿದುಕೊಂಡರು. ನಾನು ತಿರುಗಿ ಬಂದು ಕೂತೆ. ಒಂದೇ ಒಂದು ಮಾತೂ ಗೊತ್ತಿಲ್ಲದ ಭಾಷೆಯಲ್ಲಿ ನನ್ನನ್ನು ಅಷ್ಟು ಶುದ್ಧವಾಗಿ ಸೋಲಿಸಿದವರು ಇನ್ನೊಬ್ಬರಿಲ್ಲ. ಕೇಕಿನ ಮೇಜಿನ ಸುತ್ತ ಕಾಗದದ ಎಲೆಗಳು ಉದುರಿ ಬಿದ್ದಿದ್ದವು. ಮಾರ್ಟಿನ್ ಮೊದಲ ಸಲ ನಕ್ಕ.

ಒಂದೂವರೆ ಗಂಟೆ ಕೂತು ಹೊಲಿದೆ. ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡೆ. ಅವರು ನನ್ನ ಭುಜದ ಹಿಂದೆಯೇ ನಿಂತು ಪ್ರತಿ ಹೊಲಿಗೆಯನ್ನೂ ನೋಡಿದರು. ನಡುವೆ ಒಮ್ಮೆ, ಯಾರಿಗೆಂದು ಅಲ್ಲದೆ, ಹೆಂಡತಿಯ ಹೆಸರಿರಬೇಕು, ಒಂದು ಹೆಸರು ಹೇಳಿದರು. ಕೊನೆಗೆ ಎಲೆ ಕೂತಿತು. ಉಳಿದ ಆರಕ್ಕಿಂತ ಒಂದು ಛಾಯೆ ಗಾಢ, ಅವಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಅಂಚು ಹೊಸ ಸೊಸೆಯ ಮೊದಲ ರೊಟ್ಟಿಯ ಹಾಗೆ. "ಅಪ್ಪಾ, ಇದು ತೀರಾ ದೊಡ್ಡದಾಯಿತು" ಎಂದನಂತೆ ಮಾರ್ಟಿನ್. ಮುದುಕರು ಹೇಳಿದ್ದನ್ನು ಅವನು ನನಗೆ ಇಂಗ್ಲಿಷಿಗೆ ತಂದು ಹೇಳಿದ: ತಡವಾಗಿ ಬಂದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಬೇಕು. ಹೊರಡುವಾಗ ಅವರು ನನ್ನ ಚುಚ್ಚಿಸಿಕೊಂಡ ಬೆರಳನ್ನೇ ಹಿಡಿದು ಕುಲುಕಿದರು. ನಾನೂ ಅದೇ ಬೆರಳಿನಿಂದ ತಿರುಗಿ ಕುಲುಕಿದೆ.

ಹತ್ತು ದಿನದ ಮೇಲೆ ಮಾರ್ಟಿನ್ ಅಂಗಡಿಗೆ ಬಂದ. ಫೋನಿನಲ್ಲಿ ಸಭೆಯ ಚಿತ್ರ: ಮರದ ಕುರ್ಚಿಗಳು, ದಪ್ಪ ಕೋಟಿನ ಜನ, ಗೋಡೆಯ ಮೇಲೆ ನಮ್ಮ ಹಂದಿ. ಗುಡ್ಡದ ಕೇರಿಯವರು ಒಂಬತ್ತು ಮನೆಯಿಂದಲೂ ಬಂದು ಎಲೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರಂತೆ. ಉಳಿದ ಆರು ಕೇರಿಯವರು ಎದ್ದುನಿಂತು, ಅವರ ಎಲೆ ಮಾತ್ರ ಯಾಕೆ ದೊಡ್ಡದು ಎಂದು ಕೇಳಿದರಂತೆ. ಮುದುಕರು ಕಣ್ಣು ಮಿಟುಕಿಸದೆ, "ನನಗೇನು ಗೊತ್ತು, ದುಬೈಯ ಗುರಾಣಿ ತಜ್ಞರೊಬ್ಬರು ಅಭ್ಯಾಸ ಮಾಡಿ ತೀರ್ಮಾನಿಸಿದ್ದು" ಎಂದರಂತೆ. ತಜ್ಞರು ಎಂದ ಮೇಲೆ ಸಭೆ ತಣ್ಣಗಾಯಿತಂತೆ. ಈಗ ಎರಡು ಊರು ಸೇರಿ ಆಗಲಿರುವ ಹೊಸ ಪಂಚಾಯ್ತಿಗೆ ಹೊಸ ಗುರಾಣಿ ಬೇಕು. ಪಕ್ಕದೂರಿನದ್ದು ಗಿರಣಿಯ ಚಕ್ರ, ಅವರ ಕೇರಿಗಳು ಬೇರೆ ಐದು. ಹಂದಿ, ಚಕ್ರ, ಎಲೆ ಎಲ್ಲವನ್ನೂ ಹೇಗೆ ಕೂರಿಸುವುದು ಎಂದು ಜಗಳ ಹತ್ತಿ, ಕೊನೆಗೆ ಸಮಿತಿಯವರು ದುಬೈಯ ತಜ್ಞರ ಅಭಿಪ್ರಾಯ ಕೇಳಿ ಒಂದು ಕಾಗದ ಬರೆದಿದ್ದಾರೆ. ಮೊಹರು ಸಮೇತ.

ಪೊರ್ಬುಗಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಬರೀರಿ ಶೆಟ್ರೆ. ನಿಮ್ಮ ಬಾಯಿ ಯಾವಾಗ ಮುಚ್ಚಿದ್ದು, ಈಗ ಮುಚ್ಚಲಿಕ್ಕೆ."

ಬರೆಯಲು ಕೂತೆ. ಯಾರೂ ಕೇಳದೆ ಇಷ್ಟು ವರ್ಷ ಸಲಹೆ ಕೊಟ್ಟವನು ನಾನು. ಮದುವೆಯಾಗುವವರಿಗೆ, ಮನೆ ಕಟ್ಟುವವರಿಗೆ, ಮೆಟ್ರೋದಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೆ ಕೊಟ್ಟಿದ್ದೇನೆ. ಮೊಟ್ಟಮೊದಲ ಸಲ ಒಬ್ಬರು ಮೊಹರು ಹಾಕಿ ಕೇಳಿದರೆ, ಒಂದು ಸಾಲೂ ಹೊಳೆಯುತ್ತಿಲ್ಲ. ಚಕ್ರ ಸಣ್ಣದು ಮಾಡಿ ಎಂದು ಬರೆಯಲು ಹೋದರೆ, ಆ ಚಕ್ರಕ್ಕಾಗಿ ಯಾರು ಯಾವ ಗುಡ್ಡ ಹತ್ತಿದ್ದರೋ ಎಂದು ಕೈ ನಿಲ್ಲುತ್ತದೆ. ಎರಡು ದಿನ ಹೀಗೆ ಕಳೆದ ಮೇಲೆ ಸುಜಾತಳನ್ನು ಕೇಳಿದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾನು ಅವಳ ಸಲಹೆ ಕೇಳಿದ್ದು ಅದೇ ಮೊದಲು ಎಂದು ಅವಳು ಹೇಳುತ್ತಾಳೆ. ನಾನು ಎರಡನೆಯದು ಎನ್ನುತ್ತೇನೆ, ಮೊದಲನೆಯದು ಯಾವುದೆಂದು ನೆನಪಾಗುತ್ತಿಲ್ಲ.

ಅವಳು ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. "ಎಷ್ಟು ಕೇರಿ ಇತ್ತೋ ಅಷ್ಟು ಎಲೆ ಹಾಕಿ ಅಂತ ಬರೀರಿ. ಎಲ್ಲ ಒಂದೇ ಅಳತೆ. ಯಾವುದು ಬಿಡುದಾದ್ರೂ ಆ ಕೇರಿಗೆ ಹೋಗಿ ಕೇಳಿ ಬಿಡಿ ಅನ್ನಿ. ಇದಕ್ಕೆಲ್ಲ ತಜ್ಞರು ಬೇಕಾ?"

ಅದನ್ನೇ ಮೂರು ಸಾಲಿನ ಇಂಗ್ಲಿಷಿನಲ್ಲಿ ಬರೆದೆ, ಒಂದಕ್ಷರವನ್ನೂ ಸೇರಿಸಲಿಲ್ಲ, ಕಳೆಯಲಿಲ್ಲ. ಕೆಳಗೆ ನನ್ನ ಹೆಸರು, ಅದರ ಕೆಳಗೆ 'ಗುರಾಣಿ ತಜ್ಞ, ದುಬೈ' ಎಂದು ಹಾಕುವಾಗ ಮಾತ್ರ, ಅವಳಿಗೆ ಕಾಣದ ಹಾಗೆ ಕಂಪ್ಯೂಟರನ್ನು ಸ್ವಲ್ಪ ಗೋಡೆಯ ಕಡೆ ತಿರುಗಿಸಿಕೊಂಡೆ.